ಹಲೋ ಅತ್ತೆ ಮತ್ತು ನಾದಿನಿಯ ಸೂಜಿ

ಅವಳನ್ನು ಹಲೋ ಅತ್ತೆ ಎಂದು ಮೊದಲು ಕರೆದವರು ಅವಳ ಅಣ್ಣನ ಮಕ್ಕಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಅತ್ತೆ ಮನೆಯ ಬಾಗಿಲು ತೆಗೆಯುವಾಗಲೂ "ಹಲೋ, ಯಾರು ಬೇಕಿತ್ತು?" ಎನ್ನುತ್ತಾಳೆ ಎಂಬುದು ಅವರ ತಮಾಷೆ. ತಮಾಷೆಯೇ ಹೆಸರಾಗಿ ನಿಂತಿತು. ಬೀದಿಯವರು, ಹಾಲಿನವನು, ಬಾಡಿಗೆಗೆ ಬಂದು ಹೋದವರು, ಎಲ್ಲರಿಗೂ ಅವಳು ಹಲೋ ಅತ್ತೆ. ಟೆಲಿಫೋನ್ ಇಲಾಖೆಯಲ್ಲೇ ಲೈನ್‌ಮನ್ ಆಗಿದ್ದ ಗಂಡ ಕೂಡ ರೇಗಿದಾಗ "ಸರಿ ಕಣಮ್ಮ ಹಲೋ ಅತ್ತೆ" ಎಂದು ಟೋಪಿ ಹಾಕಿಕೊಂಡು ಹೊರಗೆ ನಡೆದುಬಿಡುತ್ತಿದ್ದ.

ಆಗಿನ ಎಕ್ಸ್‌ಚೇಂಜ್ ಎಂದರೆ ಎರಡನೇ ಮಹಡಿಯ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಆಳೆತ್ತರದ ಬೋರ್ಡು, ಬೋರ್ಡಿನ ತುಂಬ ತೂತುಗಳು, ಒಂದೊಂದು ತೂತಿನ ಮೇಲೂ ಕಡಲೆಕಾಳಿನಷ್ಟು ದೀಪ. ದೀಪ ಹೊತ್ತಿತೆಂದರೆ ಊರಿನಲ್ಲಿ ಯಾರೋ ಫೋನು ಎತ್ತಿದ್ದಾರೆ ಎಂದರ್ಥ. ಅದರ ಮುಂದೆ ಎತ್ತರದ ಕುರ್ಚಿಗಳಲ್ಲಿ ಸಾಲಾಗಿ ಕೂತ ಹೆಂಗಸರು ತಲೆಗೆ ಹೆಡ್‌ಸೆಟ್ಟು ಬಿಗಿದು, ಎದೆಯ ಮೇಲೆ ಕೊಂಬಿನಂಥ ಮೈಕು ನೇತುಹಾಕಿಕೊಂಡು, ವೈರು ಎಳೆದು ಎಳೆದು ತೂತಿಗೆ ಸಿಕ್ಕಿಸುತ್ತಿದ್ದರು. ಯಾರ ದನಿಯೂ ಯಾರಿಗೂ ಅಡ್ಡ ಬರುತ್ತಿರಲಿಲ್ಲ. ಹೊರಗಿನಿಂದ ಬಂದವರಿಗೆ ಮಾತ್ರ ಜೇನುಗೂಡಿಗೆ ಕಿವಿಯಿಟ್ಟ ಹಾಗೆ ಆಗುತ್ತಿತ್ತು.

ಕೋಣೆಗೆ ಒಂದೇ ಒಂದು ದೋಷ. ಬೋರ್ಡಿಗೆ ಧೂಳು ಕೂರಬಾರದೆಂದು ಕಿಟಕಿ ತೆಗೆಯುವಂತಿರಲಿಲ್ಲ. ಒಂದು ಪಾಳಿಯವರು ಏಳುತ್ತಲೇ ಇನ್ನೊಂದು ಪಾಳಿಯವರು ಅದೇ ಬಿಸಿ ಕುರ್ಚಿಯಲ್ಲಿ ಕೂತು, ಅದೇ ಮೈಕನ್ನು ಕರ್ಚೀಫಿನಲ್ಲಿ ಒರೆಸಿಕೊಂಡು ಮಾತಿಗೆ ಶುರು ಹಚ್ಚುತ್ತಿದ್ದರು. ಚಳಿ ಬಂತೆಂದರೆ ಒಬ್ಬಳ ಸೀನು ಸಾಲಿನ ಕೊನೆ ಮುಟ್ಟಲು ಹೆಚ್ಚು ದಿನ ಹಿಡಿಯುತ್ತಿರಲಿಲ್ಲ.

ಹಲೋ ಅತ್ತೆಯ ಪಕ್ಕದ ಕುರ್ಚಿ ಜೇನುವಿನದು. ಅದೂ ಅಡ್ಡಹೆಸರೇ. ಅವಳ ದನಿ ಹಾಗಿತ್ತು. "ಲೈನ್‌ನಲ್ಲಿರಿ" ಎಂಬ ಒಂದೇ ಮಾತನ್ನು ಅವಳು ದಿನವಿಡೀ ಹೇಳುತ್ತಿದ್ದಳು. ಪ್ರತಿ ಸಲವೂ ಅದು ಆ ಒಬ್ಬರಿಗಾಗಿಯೇ ಹೇಳಿದ ಹಾಗೆ ಕೇಳುತ್ತಿತ್ತು. ಬಟ್ಟೆ ಅಂಗಡಿಯ ಮುದುಕನೊಬ್ಬ ದಿನಾ ಸಂಜೆ ಫೋನೆತ್ತಿ "ಏನಿಲ್ಲಮ್ಮ, ಫೋನು ಸರಿಯಾಗಿದೆಯಾ ಅಂತ ನೋಡಿದೆ" ಎಂದು ಇಟ್ಟುಬಿಡುತ್ತಿದ್ದ. ಕೇಳುತ್ತಿದ್ದ ಹಲೋ ಅತ್ತೆ ಬೋರ್ಡಿನ ಕೆಳಗಿನಿಂದ ಗೆಳತಿಯ ಕಾಲನ್ನು ತುಳಿದು, ಸೂಪರ್‌ವೈಸರ್ ಕಣ್ಣಿಗೆ ಬೀಳದಂತೆ ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳು. ಇಬ್ಬರ ಟೀ ಹೊತ್ತೂ ಒಂದೇ, ಮನೆಗೆ ಹೋಗುವ ಬಸ್ಸೂ ಒಂದೇ. ಒಬ್ಬಳಿಗೆ ರಜೆ ಸಿಕ್ಕರೆ ಇನ್ನೊಬ್ಬಳು ಸಪ್ಪೆಮುಖ ಹಾಕಿಕೊಂಡು ಕೂರುತ್ತಿದ್ದಳು.

ಆ ವರ್ಷ ಮೇಲಿನವರಿಂದ ಆದೇಶ ಬಂತು. ಲೈನುಗಳೆಲ್ಲ ತುಂಬಿಕೊಂಡಾಗ ಜನಕ್ಕೆ ಕೇಳಿಸಲು "ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ, ದಯವಿಟ್ಟು ಕಾಯಿರಿ" ಎಂಬ ಮಾತನ್ನು ಒಳ್ಳೆಯ ದನಿಯಲ್ಲಿ ಮುದ್ರಿಸಿಡಬೇಕು. ಯಾರ ದನಿ ಎಂದು ಯಾರೂ ಕೇಳಲಿಲ್ಲ. ಜೇನು ಹೊಸ ಸೀರೆ ತಂದಳು. ರೆಕಾರ್ಡಿಂಗಿನಲ್ಲಿ ಸೀರೆ ಯಾರಿಗೆ ಕಾಣುತ್ತದೆ ಎಂದು ಸಾಲಿಗೆ ಸಾಲೇ ನಕ್ಕಿತು.

ಅದೇ ವಾರ ಊರಿನಲ್ಲಿ ಫ್ಲೂ ಎದ್ದಿತ್ತು. ಇಲಾಖೆಯ ದವಾಖಾನೆಯಿಂದ ಲಸಿಕೆ ಹಾಕಲು ನರ್ಸ್ ಬಂದಳು. ಬಂದವಳು ಬೇರೆ ಯಾರೂ ಅಲ್ಲ, ಲೈನ್‌ಮನ್‌ನ ಸ್ವಂತ ತಂಗಿ, ಹಲೋ ಅತ್ತೆಯ ನಾದಿನಿ. ಆಗ ತಾನೇ ಕೆಲಸಕ್ಕೆ ಸೇರಿದ್ದ ಚೂಟಿ ಹುಡುಗಿ. ಅತ್ತಿಗೆ ನಾದಿನಿಯರು ಆಗ ಒಂದೇ ಮನೆಯಲ್ಲಿ ಒಂದೇ ಬಾಚಣಿಗೆ ಹಂಚಿಕೊಂಡಿದ್ದವರು. ನಾದಿನಿ ಐಸು ತುಂಬಿದ ಡಬ್ಬ ಹಿಡಿದು ವಿಶ್ರಾಂತಿ ಕೋಣೆಯಲ್ಲಿ ಕೂತಾಗ ಹಲೋ ಅತ್ತೆಗೆ ಎಲ್ಲಿಲ್ಲದ ಹೆಮ್ಮೆ. "ನಮ್ಮ ಹುಡುಗಿ ಕೈ ಹಗುರ ಕಣೇ, ಇರುವೆ ಕಚ್ಚಿದ ಹಾಗೂ ಆಗಲ್ಲ" ಎಂದು ಜೇನುವಿನ ಕೈಹಿಡಿದು ಎಳೆದುಕೊಂಡು ಹೋದವಳು ಅವಳೇ.

ಒಂದು ದಿನ ಕಳೆಯಿತು. ಮರುದಿನ ಜೇನುವಿನ ಕುರ್ಚಿ ಖಾಲಿ. ಅದರ ಮರುದಿನ ಇನ್ನೂ ಮೂರು ನಾಲ್ಕು ಕುರ್ಚಿ ಖಾಲಿ. ಉಳಿದವರು ಕೆಲವು ದಿನಗಳಲ್ಲಿ ಕೆಮ್ಮುತ್ತ ಎದ್ದು ಬಂದರು. ಜೇನುವಿನ ಜ್ವರ ಮಾತ್ರ ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದರು, ಉಸಿರಾಟಕ್ಕೆ ಗಂಟಲೊಳಗೆ ನಳಿಕೆ ಇಳಿಸಿದರು. ಹಲೋ ಅತ್ತೆ ಪಾಳಿ ಮುಗಿದ ಮೇಲೆ ನೇರ ಆಸ್ಪತ್ರೆಗೆ ಹೋಗಿ ಗಾಜಿನ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಜೀವ ಉಳಿಯಿತು. ನಳಿಕೆ ತೆಗೆದ ಮೇಲೆ ಜೇನು ಮೊದಲ ಸಲ ಮಾತಾಡಿದಾಗ ಒಣ ಎಲೆ ತುಳಿದಂಥ ಸದ್ದು ಬಂತು. ಸರಿಹೋಗುತ್ತದೆ ಎಂದರು ಡಾಕ್ಟರು. ಸರಿಹೋಗಲಿಲ್ಲ.

"ಇಂಜೆಕ್ಷನ್ ತಗೊಂಡವರೆಲ್ಲ ಮಲಗಿದ್ರು ನೋಡಿ" ಎಂಬ ಮಾತು ವಿಶ್ರಾಂತಿ ಕೋಣೆಯಲ್ಲಿ ಹುಟ್ಟಿ ಬೇಗನೆ ಇಡೀ ಕಟ್ಟಡ ಸುತ್ತಿತು. ಇಂಜೆಕ್ಷನ್ ತೆಗೆದುಕೊಳ್ಳದ ಇಬ್ಬರು ಗುಮಾಸ್ತರೂ ಅದೇ ವಾರ ಮಲಗಿದ್ದರು, ಅದನ್ನು ಯಾರೂ ಎತ್ತಿ ಆಡಲಿಲ್ಲ. ಹಲೋ ಅತ್ತೆ ಮನೆಗೆ ಬಂದವಳೇ ನಾದಿನಿಯ ಎದುರು ನಿಂತಳು.

"ನೀನೇ ತಂದು ಹಾಕಿದೆ ಆ ಜ್ವರಾನ."

"ಅತ್ತಿಗೆ, ಹಾಗಾಗಲ್ಲ, ಸ್ವಲ್ಪ ಕೇಳಿ..."

"ಕೇಳಿದ್ದು ಸಾಕು. ಅವಳ ಗಂಟಲು ವಾಪಸ್ ತಂದುಕೊಡು, ಆಮೇಲೆ ಮಾತಾಡು."

ಕೆಲ ತಿಂಗಳಲ್ಲೇ ನಾದಿನಿ ಮದುವೆಯಾಗಿ ನಾಲ್ಕು ಬೀದಿ ಆಚೆಗೆ ಹೋದಳು. ಮಾತು ಅಲ್ಲಿಗೆ ನಿಂತಿತು.

ರೆಕಾರ್ಡಿಂಗು ತಪ್ಪಿಸುವಂತಿರಲಿಲ್ಲ. ಸೂಪರ್‌ವೈಸರ್ ಸಾಲಿನ ಮೇಲೆ ಕಣ್ಣಾಡಿಸಿ ಹಲೋ ಅತ್ತೆಯನ್ನು ಕರೆದಳು. ಹಲೋ ಅತ್ತೆ ಬೇಡ ಎಂದಳು, ಅತ್ತಳು, ಕೊನೆಗೆ ಹೋಗಿ, ಹೊರಗಿನ ಸದ್ದು ಬಾರದಂತೆ ಗೋಡೆಗೆ ಕಂಬಳಿ ಹೊದಿಸಿದ ಪುಟ್ಟ ಕೋಣೆಯಲ್ಲಿ ನಿಂತು ಆ ಒಂದು ಸಾಲನ್ನು ಹೇಳಿ ಬಂದಳು. ಅಲ್ಲಿಂದ ಎಷ್ಟೋ ವರ್ಷ ಊರಿಗೆ ಊರೇ ಅವಳ ದನಿಯಲ್ಲಿ ಕಾಯುವುದನ್ನು ಕಲಿಯಿತು. ಅಂಗಡಿಗೆ ಹೋದರೆ ಜನ ಮಾತು ನಿಲ್ಲಿಸಿ "ನೀವೇ ಅಲ್ವಾ?" ಎನ್ನುತ್ತಿದ್ದರು. ಅವಳಿಗೆ ಅದು ಎಂದೂ ಸಿಹಿಯಾಗಲಿಲ್ಲ. ಹಾಗೆ ಕೇಳಿದ ದಿನ ನಾದಿನಿಯ ಮೇಲಿನ ಸಿಟ್ಟು ಒಂದು ತೂಕ ಜಾಸ್ತಿಯಾಗುತ್ತಿತ್ತು.

ಜೇನುವನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಮಾತಾಡುವ ಕೆಲಸವಿರಲಿಲ್ಲ. ಸ್ವಲ್ಪ ಕಾಲ ಇದ್ದು, ಕೆಲಸ ಬಿಟ್ಟು ಬೇರೆ ಊರಿನ ಅಣ್ಣನ ಮನೆಗೆ ಹೊರಟಳು. ರೈಲು ನಿಲ್ದಾಣದಲ್ಲಿ ಇಬ್ಬರೂ ಕೈಕೈ ಹಿಡಿದು ನಿಂತಿದ್ದರು. "ಫೋನ್ ಮಾಡ್ತಿರು" ಎಂದಳು ಹಲೋ ಅತ್ತೆ. ಜೇನು ಗಂಟಲು ಮುಟ್ಟಿಕೊಂಡು ತಲೆಯಾಡಿಸಿದಳು. ಫೋನು ಎಂದರೆ ಅವಳಿಗೆ ಆಗ ಮುಳ್ಳಾಗಿತ್ತು. ಹಲೋ ಅತ್ತೆ ಒಂದೆರಡು ಸಲ ಮಾಡಿದಾಗ ಅಣ್ಣನೇ ಎತ್ತಿ "ಚೆನ್ನಾಗಿದಾಳಮ್ಮ" ಎಂದು ಇಟ್ಟ. ಆಮೇಲೆ ಅಣ್ಣನ ಮನೆ ಬದಲಾಯಿತು, ನಂಬರೂ ಬದಲಾಯಿತು. ಊರೂರಿಗೆ ಲೈನು ಕೂಡಿಸಿದವಳಿಗೆ ಇದೊಂದು ಲೈನು ಕೂಡಿಬರಲಿಲ್ಲ.

ಅತ್ತಿಗೆ ನಾದಿನಿಯರದು ಜಗಳವೂ ಅಲ್ಲ, ಸ್ನೇಹವೂ ಅಲ್ಲ ಎಂಬಂಥ ಸಂಬಂಧವಾಗಿ ಉಳಿಯಿತು. ಮನೆಯ ಕಾರ್ಯಗಳಲ್ಲಿ ಒಬ್ಬಳು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬಳು ಪಡಸಾಲೆಯಲ್ಲಿ. "ನಿಮ್ಮ ತಂಗಿಗೆ ಹೇಳಿ, ಟೀ ಆರಿಹೋಗ್ತಿದೆ." "ಅಣ್ಣಾ, ಅತ್ತಿಗೆಗೆ ಹೇಳು, ನಂಗೆ ಸಕ್ಕರೆ ಬೇಡ." ಲೈನ್‌ಮನ್‌ಗೆ ಕಂಬ ಹತ್ತಿ ಬಂದ ಮೇಲೆ ಮನೆಯಲ್ಲೂ ಲೈನು ಎಳೆಯುವ ಕೆಲಸ ತಪ್ಪಲಿಲ್ಲ. ನೆಲದೊಳಗಿನ ಕೇಬಲ್ ಗುಂಡಿಗಳಲ್ಲಿ ಥಂಡಿ ಹೀರಿ ಹೀರಿ ಅವನ ಎದೆ ಮೊದಲೇ ಸಡಿಲವಾಗಿತ್ತು. ಚಳಿಗಾಲ ಬಂದರೆ ಉಬ್ಬಸ. ಹಾಗಾಗಿ ವರ್ಷಕ್ಕೊಮ್ಮೆ ನಾದಿನಿ ಬಂದು "ಅಣ್ಣಾ, ಫ್ಲೂ ಲಸಿಕೆ ಹಾಕಿಸ್ಕೋ, ನಿನ್ನ ಎದೆಗೆ ಬಹಳ ಒಳ್ಳೇದು" ಎಂದು ಹೇಳಿ ಹೋಗುವಳು. ಅಡುಗೆಮನೆಯಿಂದ ಉತ್ತರ ಬರುವುದು: "ನಿಮ್ಮ ತಂಗಿಗೆ ಹೇಳಿ, ಈ ಮನೇಲಿ ಅದು ನಡೆಯಲ್ಲ."

ಹಲೋ ಅತ್ತೆಯ ಬಳಿ ವಾದಗಳಿಗೆ ಬರವಿರಲಿಲ್ಲ. ಇಲ್ಲದ ಜ್ವರವನ್ನು ಸೂಜಿಯಲ್ಲಿ ಚುಚ್ಚಿಸಿಕೊಳ್ಳುವುದು ಯಾವ ಬುದ್ಧಿವಂತಿಕೆ? ಗಟ್ಟಿಮುಟ್ಟಾದವರಿಗೆ ಅದೆಲ್ಲ ಯಾಕೆ? ಫ್ಲೂ ಎಂದರೆ ಏನು ಮಹಾ, ನೆಗಡಿಗೆ ಇಂಗ್ಲಿಷ್ ಹೆಸರು, ಬಿಸಿನೀರು ಮುಕ್ಕಳಿಸಿದರೆ ಹೋಗುತ್ತದೆ. ಒಳ್ಳೆಯ ಮದ್ದಾದರೆ ಒಂದು ಸಲಕ್ಕೆ ಸಾಲಬೇಕು, ವರ್ಷವರ್ಷ ಚುಚ್ಚಿಸಿಕೊಳ್ಳಲು ನಾವೇನು ದಿಂಬೇ? ಅವಳ ಆ ದನಿಯಲ್ಲಿ ಹೇಳಿದರೆ ಎಂಥ ಮಾತೂ ಸರಿಯೆನಿಸುತ್ತಿತ್ತು. ಬೀದಿಯಲ್ಲಿ ಎಷ್ಟೋ ಮನೆಗಳು ಅವಳ ಮಾತು ಕೇಳಿ ಸೂಜಿಗೆ ಬೆನ್ನು ತಿರುಗಿಸಿದ್ದವು.

ಕಾಲ ಸರಿಯಿತು. ಬೋರ್ಡು ಹೋಗಿ ತಾನಾಗಿಯೇ ಲೈನು ಕೂಡಿಸುವ ಯಂತ್ರ ಬಂತು. ಕುರ್ಚಿಗಳ ಸಾಲು ಕರಗಿತು, ಮುದ್ರಿಸಿಟ್ಟ ಅವಳ ದನಿಯನ್ನೂ ತೆಗೆದರು. ಗಂಡ ಹೆಂಡತಿ ಇಬ್ಬರೂ ನಿವೃತ್ತರಾದರು. ಒಬ್ಬಳೇ ಮಗಳು ಅದೇ ಊರಿನಲ್ಲಿ ಸಂಸಾರ ಹೂಡಿದ್ದಳು. ಬಹಳ ವರ್ಷ ಕಾದ ಮೇಲೆ ಅವಳಿಗೆ ಮಗುವಾಯಿತು, ಅದೂ ದಿನ ತುಂಬುವ ಮೊದಲೇ. ಅಂಗೈಯಗಲದ ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು, ಚಳಿ ಶುರುವಾಗುವ ಹೊತ್ತಿಗೆ ಮನೆಗೆ ಬಂತು.

ಹಲೋ ಅತ್ತೆ ಮೊಮ್ಮಗಳಿಗೆಂದು ಹೆಣೆದ ಟೋಪಿ, ಕಾಲುಚೀಲ ಎಲ್ಲ ಚೀಲಕ್ಕೆ ತುಂಬಿ ಗಂಡನನ್ನು ಹೊರಡಿಸಿಕೊಂಡು ಹೋದಳು. ಮಗಳು ಬಾಗಿಲು ತೆಗೆದಳು, ಆದರೆ ಬಾಗಿಲಿಗೆ ಅಡ್ಡವಾಗಿಯೇ ನಿಂತಳು.

"ಅಮ್ಮ, ಬೇಜಾರು ಮಾಡ್ಕೋಬೇಡ. ನೀವಿಬ್ರೂ ಫ್ಲೂ ಲಸಿಕೆ ಹಾಕಿಸ್ಕೊಂಡಿದೀರಾ?"

"ಇದೇನೇ, ಬಂದವರನ್ನ ಕೇಳೋ ಮಾತಾ?"

"ಡಾಕ್ಟರ್ ಹೇಳಿದಾರೆ. ಆರು ತಿಂಗಳು ತುಂಬೋವರೆಗೂ ಮಗೂಗೆ ಆ ಲಸಿಕೆ ಹಾಕೋ ಹಾಗಿಲ್ಲವಂತೆ. ಸುತ್ತ ಇರೋರು ಹಾಕಿಸ್ಕೊಂಡ್ರೆ ಅದೇ ಕಾವಲು. ಇವಳ ಎದೆ ಇನ್ನೂ ಪೂರ್ತಿ ಬಲ್ತಿಲ್ಲ ಅಮ್ಮ."

"ಓಹೋ, ನಿಮ್ಮತ್ತೆ ಪಾಠ ಹೇಳಿಕೊಟ್ಟಿದಾಳೆ."

"ನರ್ಸತ್ತೆ ಏನೂ ಹೇಳಿಲ್ಲ. ನಾನು ಹೇಳ್ತಿದೀನಿ. ನನ್ನ ಮಗು."

"ಆ ಸೂಜಿ ಹಾಕಿಸ್ಕೊಂಡು ಜ್ವರ ತಂದು ನಿನ್ನ ಮಗೂಗೆ ಅಂಟಿಸ್ಲಾ? ಜೇನು ಗತಿ ಏನಾಯ್ತು ಅಂತ ನಿಂಗೆ ಗೊತ್ತಿಲ್ವಾ?"

ಮಗಳು ಆ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದ್ದಳು. ಕಣ್ಣು ತುಂಬಿಕೊಂಡಿತು, ಆದರೆ ಬಾಗಿಲಿಂದ ಸರಿಯಲಿಲ್ಲ. "ಅಲ್ಲಿಂದಲೇ ನೋಡಮ್ಮ" ಎಂದು ಕೂಸನ್ನು ಎತ್ತಿಕೊಂಡು ಬಂದು ಮುಚ್ಚಿದ ಕಿಟಕಿಯ ಒಳಗಿನಿಂದ ತೋರಿಸಿದಳು. ಹಲೋ ಅತ್ತೆ ಟೋಪಿ ಕಾಲುಚೀಲಗಳ ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಹಿಂದಿರುಗಿದಳು.

ಮಾರನೆಯ ದಿನ ಲೈನ್‌ಮನ್ ಬೆಳಗಿನ ಟೀ ಕುಡಿದು ಟೋಪಿ ಹಾಕಿಕೊಂಡ. "ಎಲ್ಲಿಗೆ?" ಎಂದರೆ "ತಂಗಿ ಹತ್ರ" ಎಂದ. ನಿವೃತ್ತಿಯಾದ ಮೇಲೂ ನಾದಿನಿ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಬೆಳಗಿನ ಹೊತ್ತು ಕೂರುತ್ತಿದ್ದಳು.

"ಎಷ್ಟೋ ವರ್ಷದಿಂದ ನಿನ್ನ ಮಾತು ಕೇಳಿದೀನಿ," ಎಂದ ಅವನು, ಚಪ್ಪಲಿ ಮೆಟ್ಟುತ್ತಾ. "ಇವತ್ತೊಂದು ದಿನ ಕೇಳಲ್ಲ. ನನಗೆ ಆ ಮಗೂನ ಎತ್ತಿಕೋಬೇಕು."

ಹೋದ, ಬಂದ. ಏನೂ ಆಗಲಿಲ್ಲ. ತೋಳು ಒಂದಿಷ್ಟು ನೋವು ಎಂದು ಎಡಗೈಯಲ್ಲಿ ಪೇಪರು ಹಿಡಿದು ಓದಿದ, ಅಷ್ಟೇ. ಹಲೋ ಅತ್ತೆ ದಿನಕ್ಕೆ ಹತ್ತು ಸಲ ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಬರಲಿಲ್ಲ ಎಂದು ಸಮಾಧಾನವಾಗಬೇಕಿತ್ತು, ಆದರೆ ಕಸಿವಿಸಿಯಾಯಿತು. ಎರಡು ವಾರ ಕಳೆದ ಮೇಲೆ ಮಗಳು ಅಪ್ಪನನ್ನು ಒಳಗೆ ಕರೆದಳು. ಹಲೋ ಅತ್ತೆ ಕಿಟಕಿಯ ಹೊರಗೆ ನಿಂತು ನೋಡಿದಳು. ಕಂಬ ಹತ್ತಿ ಒರಟಾದ ಆ ಎರಡು ಕೈಗಳ ನಡುವೆ ಕೂಸು ಒಮ್ಮೆ ಆಕಳಿಸಿತು. ಅವನು ಅತ್ತುಬಿಟ್ಟ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ.

ಆ ಸಂಜೆ ಅವಳು ಹಳೆಯ ಸೂಪರ್‌ವೈಸರ್ ಮನೆಗೆ ಫೋನು ಮಾಡಿದಳು. ಸೂಪರ್‌ವೈಸರಿಗೆ ಈಗ ವಯಸ್ಸು ಬಹಳವಾಗಿತ್ತು, ಆದರೆ ಎಲ್ಲರ ಸಮಾಚಾರವೂ ಬಾಯಿತುದಿಯಲ್ಲಿ. ಅವಳು ಇನ್ನೊಬ್ಬಳ ನಂಬರು ಕೊಟ್ಟಳು, ಆ ಇನ್ನೊಬ್ಬಳು ಜೇನುವಿನ ಅಣ್ಣನ ಮಗನದು ಕೊಟ್ಟಳು. ಹೀಗೆ ಕೈಯಿಂದ ಕೈಗೆ ಲೈನು ದಾಟಿ ಕೊನೆಗೆ ಆ ಕಡೆ ಯಾರೋ ಫೋನೆತ್ತಿದರು.

"ಹಲೋ?" ಎಂದಿತು ಒಂದು ಒರಟು ದನಿ.

"ನಾನು ಕಣೇ. ಪಕ್ಕದ ಕುರ್ಚಿ."

"ಲೈನ್‌ನಲ್ಲಿರಿ" ಎಂದು ಜೇನು ಕೆಮ್ಮುತ್ತಾ ನಗುತ್ತಾ ಅಳುತ್ತಾ ಹೇಳಿದಳು. ಇಬ್ಬರೂ ಒಂದಷ್ಟು ಹೊತ್ತು ಬರೀ ಮೂಗು ಸೇದುತ್ತಾ ಕೂತರು.

"ನಿನಗೆ ಫೋನು ಆಗ್ತಿರ್ಲಿಲ್ವಲ್ಲೇ."

"ಅದೆಲ್ಲ ಹಳೇ ಕಥೆ. ಅಣ್ಣನ ಮೊಮ್ಮಗ ನನ್ನ ದನಿ ಕೇಳಿ ಹುಲಿ ಅಜ್ಜಿ ಅಂತಾನೆ. ಅವನಿಗೆ ಕಥೆ ಹೇಳಬೇಕಾದ್ರೆ ಹುಲಿ ಪಾರ್ಟು ನಂದೇ. ನಿನ್ನ ನಂಬರ್ ಹುಡುಕಬೇಕು ಹುಡುಕಬೇಕು ಅಂತ ಎಷ್ಟು ಸಲ ಅಂದ್ಕೊಂಡೆ ಗೊತ್ತಾ? ಸೋಮಾರಿ ನಾನು."

ಮಾತು ಎಲ್ಲೆಲ್ಲೋ ಹೋಯಿತು. ಬಟ್ಟೆ ಅಂಗಡಿಯ ಮುದುಕ, ಬಸ್ಸು, ಟೀ ಹೊತ್ತು. ಕೊನೆಗೆ ಹಲೋ ಅತ್ತೆ ಕೇಳಿಯೇಬಿಟ್ಟಳು: "ಜೇನೂ, ನೀನು ಆ ಸೂಜೀನ ಯಾವತ್ತಾದ್ರೂ ಕ್ಷಮಿಸಿದೀಯಾ?"

"ಯಾವ ಸೂಜಿ?"

"ನನ್ನ ನಾದಿನಿ ಹಾಕಿದ್ದು. ಫ್ಲೂದು."

"ಅಯ್ಯೋ ಹುಚ್ಚಿ! ಅದಕ್ಕೂ ಇದಕ್ಕೂ ಏನು ಸಂಬಂಧ? ಅವತ್ತು ಬೆಳಿಗ್ಗೆ ಏಳೋವಾಗ್ಲೇ ನನ್ನ ಗಂಟಲು ಉರೀತಿತ್ತು, ಮೈಯೆಲ್ಲ ಜಜ್ಜಿದ ಹಾಗಿತ್ತು. ಬಾಯಿ ಬಿಟ್ರೆ ರೆಕಾರ್ಡಿಂಗ್ ತಪ್ಪಿಹೋಗುತ್ತೆ ಅಂತ ತೆಪ್ಪಗಿದ್ದೆ. ನಿನ್ನ ನಾದಿನಿ ಪಾಪ ಕೇಳಿದ್ಲು, ಮೈ ಬಿಸಿ ಇದೆಯಾ ಅಂತ. ಇಲ್ಲಾಂತ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ನೀನೇ ಅಲ್ವೇನೇ ಬೋರ್ಡಿನ ಕೆಳಗಿಂದ ಪೆಪ್ಪರ್ಮೆಂಟು ಕೊಟ್ಟಿದ್ದು?"

ಹೌದು, ಹಲೋ ಅತ್ತೆ ಕೊಟ್ಟಿದ್ದಳು. ಆ ಬೆಳಿಗ್ಗೆ ಜೇನುವಿನ "ಲೈನ್‌ನಲ್ಲಿರಿ" ಒಂದು ಕಡೆ ಸೀಳಿದ್ದು ಅವಳ ಕಿವಿಗೆ ಬಿದ್ದಿತ್ತು. ಊರಿನ ಅರ್ಧ ಜನರನ್ನು ಕೆಮ್ಮಿನಲ್ಲೇ ಗುರುತು ಹಿಡಿಯುತ್ತಿದ್ದ ಕಿವಿ ಅದು. ಕೇಳಿತ್ತು, ಕೈ ಪೆಪ್ಪರ್ಮೆಂಟು ಕೊಟ್ಟಿತ್ತು, ಆಮೇಲೆ ತಲೆ ಮರೆತೇಬಿಟ್ಟಿತ್ತು.

"ನಾನು ವರ್ಷವರ್ಷ ಹಾಕಿಸ್ಕೊಳ್ತೀನಿ," ಜೇನು ಹೇಳುತ್ತಿದ್ದಳು. "ಆ ಜ್ವರ ಒಂದು ಸಲ ನೋಡಿದವಳಿಗೆ ಸೂಜಿ ಯಾವ ಲೆಕ್ಕ? ಎಲ್ಲರೂ ನೆಗಡಿ ನೆಗಡಿ ಅಂತಾರೆ. ನೆಗಡಿ ಎಲ್ಲಾದ್ರೂ ನಳಿಕೆ ಹಾಕಿಸುತ್ತಾ?"

"ನಿನ್ನ ಜಾಗದಲ್ಲಿ ನಾನು ಹೋಗಿ ಆ ಮಾತು ಹೇಳಿದೆನಲ್ಲೇ," ಎಂದಳು ಹಲೋ ಅತ್ತೆ. ಇದನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ.

"ಗೊತ್ತು. ಊರು ಬಿಡೋವರೆಗೂ, ಲೈನೆಲ್ಲ ತುಂಬಿರೋ ಹೊತ್ತು ನೋಡಿ ಬೇಕೂಂತ್ಲೇ ಫೋನ್ ಎತ್ತಿ ಕೇಳ್ತಿದ್ದೆ. 'ದಯವಿಟ್ಟು' ಅನ್ನೋದನ್ನ ನೀನು ಸ್ವಲ್ಪ ಅವಸರ ಮಾಡಿದ್ದೆ. ಮಿಕ್ಕಿದ್ದು ಚೆನ್ನಾಗಿತ್ತು."

ಮರುದಿನ ಬೆಳಿಗ್ಗೆ ಹಲೋ ಅತ್ತೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದಳು. ಗಂಡನನ್ನು ಕರೆತಂದಿರಲಿಲ್ಲ, ಈ ಸಲ ನಡುವೆ ಲೈನ್‌ಮನ್ ಬೇಡವೆನಿಸಿತ್ತು. ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ ನಾದಿನಿ ಅವಳನ್ನು ಕಂಡು ಹೆದರಿದಳು.

"ಅಣ್ಣಂಗೆ ಏನಾದ್ರೂ...?"

"ನಿಮ್ಮಣ್ಣ ಗಟ್ಟಿಯಾಗಿದಾರೆ. ನನಗೆ ಹಾಕು."

ನಾದಿನಿ ಬಿಳಿಕೂದಲ ತಲೆಯನ್ನು ಒಮ್ಮೆ ಓರೆ ಮಾಡಿ ಅತ್ತಿಗೆಯನ್ನು ನೋಡಿದಳು. ಪರದೆ ಸರಿಸಿ ಕುರ್ಚಿ ತೋರಿಸಿದಳು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿದಳು.

"ಜ್ವರ, ಮೈಕೈ ನೋವು ಏನಾದ್ರೂ ಇದೆಯಾ ಅತ್ತಿಗೆ?"

"ಇಲ್ಲ. ನಿಜವಾಗ್ಲೂ ಇಲ್ಲ." "ನಿನ್ನೆ ಜೇನು ಹತ್ರ ಮಾತಾಡಿದೆ ಕಣೇ. ಅವತ್ತು ಬೆಳಿಗ್ಗೇನೇ ಅವಳಿಗೆ ಶುರುವಾಗಿತ್ತಂತೆ."

ನಾದಿನಿ ಹತ್ತಿಯನ್ನು ತಟ್ಟೆಯಲ್ಲಿಟ್ಟಳು.

"ಅವತ್ತು ನೀನು ಏನೋ ಹೇಳೋಕೆ ಬಂದೆ, ನಾನು ಬಾಯಿ ಮುಚ್ಚಿಸಿದೆ. ಈಗ ಹೇಳು. ಕೇಳ್ತೀನಿ."

"ಇಷ್ಟು ವರ್ಷದ ಮೇಲೆ ಏನು ಹೇಳ್ಲಿ?" ಎಂದಳು ನಾದಿನಿ. ಆದರೂ ಹೇಳಿದಳು, ಪಕ್ಕದ ಸ್ಟೂಲಿನ ಮೇಲೆ ಕೂತು, ಮೆಲ್ಲಗೆ. "ಇದರಲ್ಲಿರೋದು ಸತ್ತ ವೈರಸ್ಸಿನ ಚೂರು ಅತ್ತಿಗೆ. ಅದಕ್ಕೆ ಜ್ವರದ ರೋಗ ಕೊಡೋ ಶಕ್ತಿ ಇರಲ್ಲ. ಮೈ ಅದನ್ನ ನೋಡಿ ಗುರುತು ಇಟ್ಕೊಳ್ಳುತ್ತೆ, ಅದಕ್ಕೆ ಎರಡು ವಾರ ಬೇಕು. ನಿಮ್ಮ ಸಾಲಿನಲ್ಲಿ ಅವತ್ತಾಗಲೇ ಫ್ಲೂ ಕೂತಿತ್ತು. ನಾನು ಬಂದಿದ್ದು ತಡವಾಗಿತ್ತು."

"ಮತ್ತೆ ವರ್ಷವರ್ಷ ಯಾಕೆ?"

"ಅದು ವೇಷ ಬದಲಾಯಿಸ್ತಾ ಇರುತ್ತೆ. ಹಳೇ ಗುರುತು ಕೆಲಸಕ್ಕೆ ಬರಲ್ಲ. ಮೈಗೂ ಮರೆವು ಬರುತ್ತೆ."

"ಹಾಕಿಸ್ಕೊಂಡ್ರೆ ಬರೋದೇ ಇಲ್ವಾ?"

"ಬರಲ್ಲ ಅಂತ ಹೇಳಲ್ಲ ಅತ್ತಿಗೆ. ಬರೋ ಸಾಧ್ಯತೆ ಕಮ್ಮಿ. ಬಂದ್ರೂ ಅಷ್ಟು ಹೈರಾಣ ಮಾಡಲ್ಲ. ಸಾಮಾನ್ಯ ನೆಗಡಿಗೆ ಇದು ಕೆಲಸ ಮಾಡಲ್ಲ, ಅದು ಬೇರೆ ಜಾತಿ. ಆಮೇಲೆ ನೆಗಡಿ ಬಂತು ಅಂತ ನನ್ನ ಮೇಲೆ ಬರಬೇಡಿ."

ಹಲೋ ಅತ್ತೆ ನಕ್ಕಳು. ನಗುತ್ತಿರುವಾಗಲೇ ನಾದಿನಿ ಚುಚ್ಚಿ ಮುಗಿಸಿದ್ದಳು. ಗೊತ್ತೇ ಆಗಲಿಲ್ಲ.

"ನಿನ್ನ ಕೈ ಇನ್ನೂ ಹಗುರವೇ" ಎಂದು ಹಲೋ ಅತ್ತೆ ಆ ಕೈಯನ್ನು ಹಿಡಿದುಕೊಂಡಳು. ಹೊರಗೆ ಬೆಂಚಿನಲ್ಲಿ ಜನ ಕಾಯುತ್ತಿದ್ದರು, ಇನ್ನಷ್ಟು ಹೊತ್ತು ಕಾದರು.

ಸಂಜೆ ತೋಳು ನೋವು ಬಂತು, ಮೈ ಸ್ವಲ್ಪ ಬೆಚ್ಚಗಾಯಿತು. "ನೋಡಿ, ಬಂತು ಬಂತು!" ಎಂದು ಅವಳು ಕಂಬಳಿ ಹೊದ್ದು ಮಲಗಿದಳು. ಲೈನ್‌ಮನ್ ತಂಗಿಗೆ ಫೋನು ಮಾಡಿದರೆ "ಗುರುತು ಇಟ್ಕೊಳ್ಳೋಕೆ ಮೈ ಎದ್ದು ಕೂತಿದೆ, ನಾಳೆ ಹೋಗುತ್ತೆ ಅಂತ ಹೇಳು" ಎಂದಳು. "ನನಗೇ ಕೊಡಿ ಇಲ್ಲಿ" ಎಂದು ಹಲೋ ಅತ್ತೆ ಫೋನು ಕಿತ್ತುಕೊಂಡಳು. ಅತ್ತಿಗೆ ನಾದಿನಿಯರ ಮಾತು ಮುಗಿಯುವಷ್ಟರಲ್ಲಿ ಲೈನ್‌ಮನ್ ತಾನೇ ಬ್ರೆಡ್ಡು ಕಾಯಿಸಿ ತಿಂದು ಮಲಗಿದ್ದ. ಮಾರನೆಯ ದಿನಕ್ಕೆ ಮೈಬಿಸಿ ಇರಲಿಲ್ಲ.

ಎರಡು ವಾರವಾದ ಮೇಲೆ ಮಗಳು ಬಾಗಿಲು ತೆಗೆದಳು, ಈ ಸಲ ಅಡ್ಡ ನಿಲ್ಲಲಿಲ್ಲ. ಹಲೋ ಅತ್ತೆ ಕೈತೊಳೆದು ಬಂದು ಮೊಮ್ಮಗಳನ್ನು ಎತ್ತಿಕೊಂಡಳು. ಕೂಸಿನ ತಲೆಯಿಂದ ಹಾಲು ಮತ್ತು ಉಣ್ಣೆಯ ವಾಸನೆ ಬರುತ್ತಿತ್ತು.

ಆ ಚಳಿಗಾಲ ಬೀದಿಯಲ್ಲಿ ಫ್ಲೂ ಜೋರಾಗಿಯೇ ಬಂತು. ಎದುರು ಮನೆಯ ಮೇಷ್ಟ್ರು ಆಸ್ಪತ್ರೆ ಸೇರಿ ಬಂದರು. ಲೈನ್‌ಮನ್‌ನೂ ಕೆಲವು ದಿನ ಜ್ವರದಲ್ಲಿ ಮಲಗಿದ. ಹಿಂದಿನ ವರ್ಷಗಳ ಹಾಗೆ ಉಬ್ಬಸ ಏರಿ ನಡುರಾತ್ರಿ ಆಟೋ ಹುಡುಕುವಂತಾಗಲಿಲ್ಲ. ಗಂಜಿ ಕುಡಿದು ಎದ್ದ. ಅಷ್ಟು ದಿನವೂ ಇಬ್ಬರೂ ಮಗುವಿನ ಕಡೆ ಹೋಗಲಿಲ್ಲ. ಗಂಡ ಚೇತರಿಸಿಕೊಂಡ ಮೇಲೆ ಹಲೋ ಅತ್ತೆ ಮನೆಮನೆಗೆ ಹೋಗಿ, ತಾನು ಹಿಂದೆ ಹೇಳಿದ್ದು ತಪ್ಪು ತಿಳಿವಳಿಕೆ ಎಂದು ಒಪ್ಪಿಕೊಂಡು ಬಂದಳು. ಕೆಲವರು ಕೇಳಿದರು. ಮೂಲೆಮನೆಯಾಕೆ ಮಾತ್ರ "ನೀವು ಆಗ ಹೇಳಿದ್ದೇ ಸರಿಯಾಗಿತ್ತು" ಎಂದು ಬಾಗಿಲು ಹಾಕಿಕೊಂಡಳು. ಹಲೋ ಅತ್ತೆಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಮಾತು ಅವಳ ಬಾಯಿಗೆ ಬಂದದ್ದು ಎಲ್ಲಿಂದ ಎಂದು ಗೊತ್ತಿತ್ತು.

ಚಳಿ ಇಳಿದ ಮೇಲೆ ಜೇನು ಬಂದಳು. ರೈಲಿನಿಂದ ಇಳಿದವಳು ದಪ್ಪಗಾಗಿದ್ದಳು, ಕೈಯಲ್ಲಿ ಕೋಲಿತ್ತು. ಹಳೆಯ ಎಕ್ಸ್‌ಚೇಂಜ್ ನೋಡಬೇಕೆಂದು ಹಠ ಹಿಡಿದಳು. ಹಲೋ ಅತ್ತೆ, ಜೇನು, ನಾದಿನಿ ಮೂವರೂ ಹೋದರು. ಎರಡನೇ ಮಹಡಿ ಈಗ ಪೀಠೋಪಕರಣದ ಮಳಿಗೆ. ಕಿಟಕಿಗಳೆಲ್ಲ ತೆರೆದಿದ್ದವು, ಗಾಳಿ ಧಾರಾಳವಾಗಿ ಓಡಾಡುತ್ತಿತ್ತು. ಬೋರ್ಡು ಇದ್ದ ಗೋಡೆಯ ಮುಂದೆ ಉದ್ದನೆಯ ನೀಲಿ ಸೋಫಾ. ಮೂವರೂ ಅದರ ಮೇಲೆ ಒತ್ತೊತ್ತಾಗಿ ಕೂತರು.

"ನಿಮ್ಮ ಗಂಟಲನ್ನ ನಾನು ಅವತ್ತು ಒಂದು ಸಲ ನೋಡಬೇಕಿತ್ತು," ಎಂದಳು ನಾದಿನಿ, ಸೋಫಾದ ಅಂಚು ಸವರುತ್ತಾ. "ಎಷ್ಟೋ ಸಲ ಅನ್ಕೊಂಡಿದೀನಿ."

"ನೀನು ನೋಡ್ತಿದ್ದೆ, ನಾನು ಬಾಯಿ ತೆರೆದಿದ್ರೆ ತಾನೆ?" ಎಂದಳು ಜೇನು ತನ್ನ ಹುಲಿ ದನಿಯಲ್ಲಿ. "ಹೊಸ ಸೀರೆ ತಂದಿದ್ದೆ ಕಣಮ್ಮ, ಬಿಡ್ತೀನಾ?"

ನಾದಿನಿ ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ನಕ್ಕಳು. ಮಳಿಗೆಯವನು ಹತ್ತಿರ ಬಂದು, "ಸೋಫಾ ಇಷ್ಟವಾಯ್ತಾ ಅಮ್ಮ? ಬೇರೆ ಬಣ್ಣದಲ್ಲೂ ಇದೆ" ಎಂದ.

"ಕೂತು ನೋಡ್ತಿದೀವಪ್ಪ," ಎಂದಳು ಹಲೋ ಅತ್ತೆ. "ಸ್ವಲ್ಪ ಹೊತ್ತಾಗುತ್ತೆ."